ಒಲಿ ಬಾಜೂಕಿನ ಎಣ್ಣಿ

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ಸಂಗತಿಗಳು ತಪ್ಪಾಗಿ ನೆನಪಿರಬಹುದು. ಜೀಪು ಹಸಿರಾಗಿತ್ತು ಎಂದು ನಾನು ಹೇಳುತ್ತೇನೆ, ಬೂದು ಬಣ್ಣದ್ದಾಗಿತ್ತು ಎಂದು ಅವ್ವ ಹೇಳುತ್ತಿದ್ದಳು. ಅವತ್ತು ಕಾಕಾ ಬಿಳಿ ಅಂಗಿ ತೊಟ್ಟಿದ್ದ ಎಂದು ಎಷ್ಟೋ ವರ್ಷ ನಂಬಿಕೊಂಡಿದ್ದೆ. ಆ ಅಂಗಿ ನಮ್ಮ ಮನೆಯ ಗೋಡೆಗೆ ತೂಗುಹಾಕಿದ ಫೋಟೋದಲ್ಲಿ ಅವನು ತೊಟ್ಟಿರುವುದು ಎಂದು ಆಮೇಲೆ ಹೊಳೆಯಿತು. ನೆನಪು ಹೀಗೆ ಗೋಡೆಯ ಮೇಲಿನದನ್ನು ತೆಗೆದು ಮನುಷ್ಯನಿಗೆ ತೊಡಿಸಿಬಿಡುತ್ತದೆ. ಹೈಸ್ಕೂಲಿನಿಂದಲೂ ದಿನಚರಿ ಬರೆಯುವ ರೂಢಿ ನನಗಿದೆ. ಆದರೆ ಆ ಕೆಲವು ತಿಂಗಳು ಏನನ್ನೂ ಬರೆಯಬೇಡ ಎಂದು ಕಾಕಾ ಹೇಳಿದ್ದ, ನಾನೂ ಬರೆಯಲಿಲ್ಲ. ಆದ್ದರಿಂದ ತಾಳೆ ನೋಡಲು ನನ್ನ ಬಳಿ ಏನೂ ಇಲ್ಲ.

ಹೆದರಿದ್ದೆ ಎಂಬುದು ಮಾತ್ರ ನಿಜ. ಅದಕ್ಕೆ ನೆನಪಿನ ಸಾಕ್ಷಿ ಬೇಕಿಲ್ಲ, ಅದು ಮೈಯಲ್ಲೇ ಉಳಿದಿದೆ. ಇಂದಿಗೂ ಮಧ್ಯಾಹ್ನದ ಹೊತ್ತು ಮನೆಯ ಮುಂದೆ ಯಾವುದಾದರೂ ಗಾಡಿ ನಿಂತು ಅದರ ಇಂಜಿನ್ ಬಂದಾದರೆ ನನ್ನ ಅಂಗಾಲು ತಣ್ಣಗಾಗುತ್ತದೆ.

ಈಗಿನ ವಿಜಯಪುರ ಆಗ ಬಿಜಾಪುರ. ಗೋಳಗುಮ್ಮಟದ ಹತ್ತಿರದ ಒಂದು ಓಣಿಯಲ್ಲಿ ನಮ್ಮ ಮನೆ. ಅಪ್ಪ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಅಪ್ಪನ ತಮ್ಮ, ನನ್ನ ಕಾಕಾ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ. ಮದುವೆಯಾಗಿರಲಿಲ್ಲ, ನಮ್ಮ ಜತೆಗೇ ಇದ್ದ. ಇವರಿಬ್ಬರಿಗೂ ಅಕ್ಕ ಒಬ್ಬಳು, ನನ್ನ ಅತ್ತಿ. ಅವಳನ್ನು ತಿಕೋಟಾದ ಒಕ್ಕಲು ಮನೆಗೆ ಕೊಟ್ಟಿತ್ತು.

ಕಾಕಾ ಸಂಜೆ ಹೊತ್ತು ಸೊಲ್ಲಾಪುರ ರಸ್ತೆಯ ಒಂದು ಅಂಗಡಿಗೆ ಹೋಗುತ್ತಿದ್ದ. ಅಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಕೊಡುತ್ತಿದ್ದರು, ಹೊಲಕ್ಕೆ ಔಷಧ ಹೊಡೆಯುವ ಪಂಪುಗಳನ್ನೂ ರಿಪೇರಿ ಮಾಡುತ್ತಿದ್ದರು. ಅಂಗಡಿಯವರನ್ನು ನಾನು ಚಾಚಾ ಎನ್ನುತ್ತಿದ್ದೆ, ಕಾಕಾ ಭಾಯಿ ಎನ್ನುತ್ತಿದ್ದ. ಬೆನ್ನಿಗೆ ಹೊರುವ ಪಂಪು ಸೋರಿ, ಅಂಗಿ ತೊಯ್ದು, ತಲೆಸುತ್ತು ಬಂದು ಕೂತ ರೈತರು ಆ ಅಂಗಡಿಯ ಕಟ್ಟೆಯ ಮೇಲೆ ಯಾವಾಗಲೂ ಒಬ್ಬಿಬ್ಬರು ಇರುತ್ತಿದ್ದರು. ಅವರ ವಿಷಯ ಮಾತಾಡುತ್ತ ಆಡುತ್ತ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಗುಂಪು ಹುಟ್ಟಿಕೊಂಡಿತು. ಕಾಕಾ, ಚಾಚಾ, ಕಾಲೇಜಿನ ಕೆಲವು ಹುಡುಗರು, ಮತ್ತೆ ಮೈಸೂರು ಕಡೆಯಿಂದ ನಮ್ಮೂರ ಕಾಲೇಜಿಗೆ ರಸಾಯನಶಾಸ್ತ್ರ ಕಲಿಸಲು ಬಂದಿದ್ದ ಒಬ್ಬ ಅಧ್ಯಾಪಕರು. ಅವರನ್ನು ಎಲ್ಲರೂ ಸರ್ ಎನ್ನುತ್ತಿದ್ದರು. ಪರಿಸರ ಎಂಬ ಶಬ್ದವನ್ನು ನಾನು ಮೊದಲು ಕೇಳಿದ್ದು ಅವರ ಬಾಯಲ್ಲಿ. ಚಾಚಾನಿಗೂ ಅದು ಹೊಸದು.

"ಸರ ಗೊತ್ತೈತ್ರಿ ಸರ್, ಕೊಳ್ಳಾಗ ಹಾಕ್ಕೊಳ್ಳೋದು," ಎಂದಿದ್ದ ಚಾಚಾ. "ಈ ಪರಿ ಸರ ಯಾರ ಕೊಳ್ಳಿಗೆ?"

ಎಲ್ಲರೂ ನಕ್ಕಿದ್ದರಂತೆ. ಕಾಕಾ ಮನೆಗೆ ಬಂದು ಇದನ್ನು ಹೇಳಿದಾಗ ನಾವೂ ನಕ್ಕೆವು.

ಸರ್‌ಗೆ ಯುರೋಪಿನ ಒಂದು ಸಂಘದಿಂದ ಸುದ್ದಿಪತ್ರ ಬರುತ್ತಿತ್ತು. ಸೈಕ್ಲೋಸ್ಟೈಲ್ ಮಾಡಿದ ನಾಲ್ಕಾರು ಹಾಳೆ, ಅಕ್ಷರ ಅಲ್ಲಲ್ಲಿ ಅಳಿಸಿದ್ದು. ತಮ್ಮ ದೇಶದಲ್ಲಿ ಮಾರಬಾರದೆಂದು ನಿಲ್ಲಿಸಿದ ವಿಷವನ್ನೇ ಕಂಪನಿಗಳು ಬಡ ದೇಶಗಳಿಗೆ ಕಳಿಸುತ್ತಿವೆ ಎಂದು ಆ ಸಂಘದವರು ಬರೆಯುತ್ತಿದ್ದರು. ಇದು ಹುಳದ ಪ್ರಶ್ನೆಯಲ್ಲ, ಬೆಳೆಯ ಪ್ರಶ್ನೆಯೂ ಅಲ್ಲ, ಯಾವ ದೇಶದವರ ಜೀವಕ್ಕೆ ಎಷ್ಟು ಬೆಲೆ ಎಂಬ ನ್ಯಾಯದ ಪ್ರಶ್ನೆ ಎನ್ನುವುದು ಅವರ ವಾದ. ನಿಮ್ಮ ಊರಲ್ಲಿ ನೀವು ಕಂಡದ್ದನ್ನು ಬರೆದು ಕಳಿಸಿ, ನಾವು ಇಲ್ಲಿ ಆ ಕಂಪನಿಗಳ ಬಾಗಿಲಿಗೆ ಹೋಗಿ ಕೇಳುತ್ತೇವೆ ಎನ್ನುತ್ತಿದ್ದರು. ಕಾಕಾ ಆ ಹಾಳೆಗಳನ್ನು ತಂದು ನನಗೆ ಕನ್ನಡದಲ್ಲಿ ಹೇಳುತ್ತಿದ್ದ. ಯಾವುದೋ ದೇಶದ ಹತ್ತಿ ಹೊಲದಲ್ಲಿ ಕೂಲಿ ಮಾಡುವ ಒಬ್ಬ ಹೆಂಗಸು, ಸಂಜೆಯಾದರೆ ಕಣ್ಣು ಮಂಜಾಗುತ್ತದೆ ಎಂದು ಹೇಳಿದ್ದು ಅದರಲ್ಲಿತ್ತು. ನನಗೆ ತಿಕೋಟಾದ ಹೆಂಗಸರು ಕಣ್ಣ ಮುಂದೆ ಬಂದರು. ಅಷ್ಟು ದೂರದ ಒಬ್ಬಳು ಇಲ್ಲಿಯ ಒಬ್ಬಳ ಮಾತನ್ನೇ ಆಡುತ್ತಾಳಲ್ಲ ಎಂದು ಮೈ ಜುಮ್ಮೆಂದಿತು. ಆಗ ನನಗೆ ಹದಿನಾರೋ ಹದಿನೇಳೋ. ಜಗತ್ತು ನನ್ನ ಕೈಗೆ ಸಿಕ್ಕಿತು ಅನ್ನಿಸುವ ವಯಸ್ಸು.

ಹಾಗೆ ಊರೂರಿಗೆ ಹೋಗುವುದು ಶುರುವಾಯಿತು. ರವಿವಾರ ಬಸ್ಸು ಹಿಡಿದು ಒಮ್ಮೆ ಬಬಲೇಶ್ವರದ ಕಡೆ, ಒಮ್ಮೆ ಕಾಖಂಡಕಿಗೆ, ಒಮ್ಮೆ ತಿಕೋಟಾಕ್ಕೆ. ಗಂಡಸರು ಅಡಿಗೆಮನೆಗೆ ಹೋಗುವ ಹಾಗಿಲ್ಲ, ಹೆಂಗಸರು ಪಡಸಾಲೆಗೆ ಬಂದು ಮಾತಾಡುವುದಿಲ್ಲ. ನಡುವೆ ಒಬ್ಬ ಹುಡುಗಿ ಇರಲಿ ಎಂದು ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಬಬಲೇಶ್ವರದ ಒಂದು ಮನೆಯಲ್ಲಿ ಔಷಧದ ಖಾಲಿ ಡಬ್ಬಿಯಲ್ಲಿ ಹೊಲಕ್ಕೆ ಕುಡಿಯುವ ನೀರು ಒಯ್ಯುವುದನ್ನು ನಾನು ಕಣ್ಣಾರೆ ಕಂಡೆ. ಬೂದಿ ಹಚ್ಚಿ ತಿಕ್ಕಿ ತೊಳೆದಿದ್ದೇನೆ ಎಂದು ಆ ಮನೆಯಾಕೆ ಹೆಮ್ಮೆಯಿಂದ ಹೇಳಿದಳು. ಇದನ್ನು ನಾನು ತಪ್ಪಾಗಿ ನೆನೆಸುತ್ತಿಲ್ಲ.

ಮೊದಮೊದಲು ಸರ್ ಕೀಟನಾಶಕ ಎಂದು ಕೇಳುತ್ತಿದ್ದರು. ಯಾರಿಗೂ ಅರ್ಥವಾಗುತ್ತಿರಲಿಲ್ಲ. ಹಾಗೆ ಕೇಳಿದರೆ ಇಲ್ಲಿ ಯಾವನೂ ತಿರುಗಿ ನೋಡುವುದಿಲ್ಲ, ಎಣ್ಣಿ ಅನ್ನಿರಿ ಎಂದು ಚಾಚಾ ಅವರಿಗೆ ಕಲಿಸಿದ. ಅಂದಿನಿಂದ ಸರ್ ಹೊಸ ಆಟಿಕೆ ಸಿಕ್ಕವರ ಹಾಗೆ ಆ ಶಬ್ದವನ್ನು ಎಲ್ಲೆಲ್ಲೂ ಬಳಸತೊಡಗಿದರು.

ನಮ್ಮ ಕಡೆ ಎಣ್ಣಿ ಎಂಬ ಒಂದು ಶಬ್ದ ಎಷ್ಟೆಲ್ಲ ಕೆಲಸ ಮಾಡುತ್ತದೆ. ಒಗ್ಗರಣೆಗೆ ಹಾಕುವುದು ಎಣ್ಣಿ. ತಲೆಗೆ ಹಚ್ಚುವುದು ಎಣ್ಣಿ. ಕಂದೀಲಿಗೆ ತುಂಬುವುದು ಚಿಮಣಿ ಎಣ್ಣಿ. ಹತ್ತಿಗೆ ಹುಳ ಬಿದ್ದರೆ ಹೊಡೆಯುವ ವಿಷವೂ ಎಣ್ಣಿಯೇ. ನಮ್ಮಲ್ಲಿ ಯಾರೂ ಇದರಿಂದ ಗಲಿಬಿಲಿಗೊಳ್ಳುವುದಿಲ್ಲ, ಯಾಕೆಂದರೆ ಎಣ್ಣಿಯ ಮುಂದೆ ಬರುವ ಕ್ರಿಯಾಪದವೇ ಅದು ಯಾವುದೆಂದು ಹೇಳಿಬಿಡುತ್ತದೆ. ಹಾಕುವುದು ಬೇರೆ, ಹಚ್ಚುವುದು ಬೇರೆ, ತುಂಬುವುದು ಬೇರೆ, ಹೊಡೆಯುವುದು ಬೇರೆ. ಆದರೆ ಸರ್ ಕೇಳುತ್ತಿದ್ದ ಪ್ರಶ್ನೆಯಲ್ಲಿ ಇದ್ದದ್ದು ಇಡುವುದು ಎಂಬ ಕ್ರಿಯೆ. ಇಡುವುದು ಎಲ್ಲ ಎಣ್ಣಿಗೂ ಒಂದೇ.

ತಿಕೋಟಾದಲ್ಲಿ ಅತ್ತಿಯ ಮನೆಗೆ ಹೋದಾಗ ಸರ್ ಅಡಿಗೆಮನೆಯ ಬಾಗಿಲಾಚೆ ನಿಂತು ಕೇಳಿದರು: "ಎಣ್ಣೆ ಎಲ್ಲಿಡ್ತೀರಮ್ಮಾ?"

ಅತ್ತಿ ರೊಟ್ಟಿ ತಟ್ಟುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಒಲಿ ಬಾಜೂಕರಿ, ಗೂಡಿನ್ಯಾಗ. ಮತ್ತೆಲ್ಲಿ ಇಡೋದು?"

ಸರ್ ಬರೆದುಕೊಂಡರು. ನಾನು ಅತ್ತಿಯ ಮಗ್ಗುಲಲ್ಲೇ ಕೂತಿದ್ದೆ. ಒಲೆಯ ಪಕ್ಕದ ಗೋಡೆಯಲ್ಲಿದ್ದ ಆ ಗೂಡು ನನ್ನ ಭುಜದ ಎತ್ತರಕ್ಕಿತ್ತು. ಅದರೊಳಗೆ ಏನಿತ್ತು ಎಂದು ಎಷ್ಟು ಸಲ ನೆನೆಸಿಕೊಂಡಿದ್ದೇನೋ. ಒಮ್ಮೆ ಡಬ್ಬಿ ಕಾಣುತ್ತದೆ, ಒಮ್ಮೆ ಬಾಟಲಿ, ಒಮ್ಮೆ ಹೊಗೆ ಹಿಡಿದ ಬರಿಯ ಕತ್ತಲೆ. ಮೂರೂ ನಾನೇ ಆಮೇಲೆ ಅಲ್ಲಿ ತಂದಿಟ್ಟದ್ದಿರಬೇಕು.

ಮರುವರ್ಷ ಎಮರ್ಜೆನ್ಸಿ ಬಂತು. ರೇಡಿಯೋದಲ್ಲಿ ವಿದೇಶಿ ಕೈವಾಡ ಎಂಬ ಮಾತು ಕೇಳಿಬರತೊಡಗಿತು. ನಮ್ಮ ಓಣಿಯ ಕೊನೆಯ ಮನೆಯ ವಕೀಲರನ್ನು ಒಂದು ದಿನ ಕರೆದುಕೊಂಡು ಹೋದರು. ಎಲ್ಲಿಗೆ ಎಂದು ಅವರ ಹೆಂಡತಿಗೂ ಗೊತ್ತಿರಲಿಲ್ಲ. ಆಕೆ ದಿನಾ ಬಾಗಿಲಲ್ಲಿ ಕೂತಿರುತ್ತಿದ್ದಳು, ಓಣಿಯ ಹೆಂಗಸರು ನೀರಿಗೆ ಹೋಗುವಾಗ ಆಚೆ ಬದಿಯಿಂದ ನಡೆಯತೊಡಗಿದರು. ಅವ್ವನೂ ಆಚೆ ಬದಿಯಿಂದಲೇ ಹೋಗುತ್ತಿದ್ದಳು. ನಾನೂ ಅಷ್ಟೇ. ಆಕೆಯ ಕಡೆ ನೋಡಿದರೆ ನಮ್ಮ ಮನೆಗೂ ಏನೋ ಅಂಟುತ್ತದೆ ಎನ್ನುವ ಹಾಗೆ.

ಆ ದಿನಗಳಲ್ಲೇ ಸುದ್ದಿಪತ್ರದ ಹೊಸ ಸಂಚಿಕೆ ಬಂತು. ಈ ಸಲ ಅದು ಕಾಕಾನ ಹೆಸರಿಗೆ ಬಂದಿತ್ತು, ಯಾಕೆಂದರೆ ರಜೆಗೆ ಊರಿಗೆ ಹೋದ ಸರ್ ತಿರುಗಿ ಬಂದಿರಲಿಲ್ಲ, ಅವರು ಬರೆದಿಟ್ಟದ್ದನ್ನು ಕಾಕಾನೇ ತನ್ನ ವಿಳಾಸ ಹಾಕಿ ಸಂಘಕ್ಕೆ ಕಳಿಸಿದ್ದ. ವರ್ಗವಾಯಿತು ಎಂದರು ಕೆಲವರು, ಅಡಗಿದ್ದಾರೆ ಎಂದರು ಕೆಲವರು. ಕಾಕಾ ಪಡಸಾಲೆಯಲ್ಲಿ ನಿಂತೇ ಅದನ್ನು ಓದಿದ. ನಮ್ಮ ಜಿಲ್ಲೆಯ ಹೆಸರು ಅದರಲ್ಲಿ ಅಚ್ಚಾಗಿತ್ತು. ಇಂಡಿಯಾದ ಈ ಒಣ ಬಯಲಿನಲ್ಲಿ ಹೆಂಗಸರು ವಿಷವನ್ನು ಒಲೆಯ ಪಕ್ಕದಲ್ಲೇ ಇಟ್ಟು ಅಡಿಗೆ ಮಾಡುತ್ತಾರೆ, ಅದು ವಿಷ ಎಂದು ಮಾರಿದವರು ಅವರಿಗೆ ಹೇಳಿಲ್ಲ ಎಂದು ಬರೆದಿತ್ತು. ಮೊದಲು ಕಾಕಾನ ಮುಖದಲ್ಲಿ ಒಂದು ಬೆಳಕು ಬಂದದ್ದನ್ನು ನಾನು ಕಂಡೆ. ನಮ್ಮ ಊರಿನ ಮಾತು ಸಮುದ್ರ ದಾಟಿ ಹೋಗಿ ಕಂಪನಿಗಳ ಬಾಗಿಲು ಮುಟ್ಟಿತಲ್ಲ ಎಂಬ ಸಂತೋಷ. ಆಮೇಲೆ ಅವನು ಲಕೋಟೆಯನ್ನು ತಿರುಗಿಸಿ ನೋಡಿದ. ಅದನ್ನು ಯಾರೋ ಬಿಚ್ಚಿ ಮತ್ತೆ ಅಂಟಿಸಿದ್ದರು.

ಅವತ್ತಿನಿಂದ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ಅವ್ವ ಹಳೆಯ ಸುದ್ದಿಪತ್ರಗಳನ್ನೆಲ್ಲ ಬಚ್ಚಲೊಲೆಗೆ ಹಾಕಿ ನೀರು ಕಾಯಿಸಿದಳು. ಕೆಲವು ತಿಂಗಳು ಸೊಲ್ಲಾಪುರದ ನೆಂಟರ ಮನೆಯಲ್ಲಿ ಇರು ಎಂದು ಅಪ್ಪ ಕಾಕಾನಿಗೆ ಹೇಳಿದ. ಓಡಿಹೋದರೆ ತಪ್ಪು ಮಾಡಿದ್ದೇನೆ ಎಂದು ನಾನೇ ಒಪ್ಪಿಕೊಂಡ ಹಾಗಾಗುತ್ತದೆ ಎಂದು ಕಾಕಾ ಹೋಗಲಿಲ್ಲ. ಚಾಚಾ ಅಂಗಡಿಯ ಹಿಂದಿನ ಕೋಣೆಗೆ ಬೀಗ ಹಾಕಿ, ಅದರ ಮುಂದೆ ಸುಟ್ಟ ಮೋಟಾರುಗಳನ್ನು ಒಟ್ಟಿದ. ನಾನು ಶಾಲೆಯಿಂದ ಬರುವಾಗ, ಅಲ್ಲ, ಆಗ ನಾನು ಕಾಲೇಜಿಗೆ ಹೋಗುತ್ತಿದ್ದೆ, ಕಾಲೇಜಿನಿಂದ ಬರುವಾಗ ಓಣಿಯ ತಿರುವಿನಲ್ಲಿ ಒಂದು ಕ್ಷಣ ನಿಲ್ಲುತ್ತಿದ್ದೆ. ಕಾಕಾನ ಸೈಕಲ್ಲು ಗೋಡೆಗೆ ಒರಗಿದ್ದು ಕಂಡರೆ ಮಾತ್ರ ಮುಂದಕ್ಕೆ ಹೆಜ್ಜೆ ಇಡುತ್ತಿದ್ದೆ.

ಒಂದು ಮಧ್ಯಾಹ್ನ ಆ ಸೈಕಲ್ಲಿನ ಮುಂದೆ ಜೀಪು ನಿಂತಿತ್ತು.

ಬಂದವರು ಒಬ್ಬ ಸಾಹೇಬರು, ಸಾದಾ ಬಟ್ಟೆಯಲ್ಲಿದ್ದರು. ಯಾವ ಕಚೇರಿಯವರೆಂದು ಹೇಳಲಿಲ್ಲ, ಅಪ್ಪನಿಗೆ ಕೇಳುವ ಧೈರ್ಯ ಬರಲಿಲ್ಲ. ಅವರು ಗದರಿಸಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲವೇನೋ. ಚಹಾ ಚೆನ್ನಾಗಿದೆ ಎಂದರು. ಗೋಡೆಯ ಫೋಟೋ ನೋಡಿ ಇದರಲ್ಲಿ ಹಿರಿಯವರು ಯಾರು ಎಂದು ಕೇಳಿದರು. ಮಾತು ನಮ್ಮ ಕಡೆಯದೇ, ಬೆಳಗಾವಿಯ ಎಳೆತ ಸ್ವಲ್ಪ ಇತ್ತು. ಆಮೇಲೆ ಕಿಸೆಯಿಂದ ಆ ಸುದ್ದಿಪತ್ರದ ಒಂದು ಪ್ರತಿ ತೆಗೆದು ಮೇಜಿನ ಮೇಲಿಟ್ಟರು.

"ಮಾಸ್ತರ, ನಮ್ಮ ಹೆಣ್ಣಮಕ್ಕಳು ಒಲಿ ಬಾಜೂಕ ವಿಷ ಇಟ್ಟು ಅಡಗಿ ಮಾಡ್ತಾರಂತ ಹೊರಗಿನವರಿಗೆ ಬರದು ಕಳಸೀರಿ. ಇದು ಖರೇನೋ ಸುಳ್ಳೋ? ಅಷ್ಟ ಹೇಳ್ರಿ, ನಾ ಹೋಗತೇನಿ."

ಕಾಕಾ ಆ ಹಾಳೆಯನ್ನು ತನ್ನ ಕಡೆ ಎಳೆದುಕೊಂಡ. ಆ ಪ್ರಶ್ನೆಗೆ ಎರಡು ಬಾಗಿಲಿದ್ದವು, ಎರಡೂ ಒಂದೇ ಕಡೆಗೆ ಹೋಗುತ್ತಿದ್ದವು. ನಿಜ ಎಂದರೆ ಯಾವ ಮನೆ, ಯಾವ ಹೆಂಗಸು, ತೋರಿಸು ಎನ್ನುತ್ತಿದ್ದರು. ಸುಳ್ಳು ಎಂದರೆ ದೇಶದ ಹೆಸರು ಕೆಡಿಸಲು ಹೊರಗಿನವರಿಗೆ ಸುಳ್ಳು ಬರೆದವನಾಗುತ್ತಿದ್ದ. ಸಾಹೇಬರು ಕಾದರು. ಆಮೇಲೆ ತಾವೇ ತಿಕೋಟಾದ ಹೆಸರೆತ್ತಿದರು. ಅಲ್ಲಿ ಮಾಸ್ತರರ ಅಕ್ಕ ಇದ್ದಾರಲ್ಲ, ನಾಳೆ ಎಲ್ಲರೂ ಕೂಡಿ ಹೋಗಿ ಕೇಳೋಣ ಎಂದರು. ಹೋಗುವಾಗ ನನ್ನ ಕಡೆ ನೋಡಿ, ಅಡಿಗೆಮನೆಯ ವಿಷಯ, ಈ ಹುಡುಗಿಯೂ ಬರಲಿ ಎಂದರು. ಕಾಕಾನ ಗುಂಪಿನವರಿಗೆ ನಾನು ಯಾಕೆ ಬೇಕಾಗಿದ್ದೆನೋ ಅದಕ್ಕೇ ಇವರಿಗೂ ಬೇಕಾದೆ.

ಮರುದಿನ ಜೀಪಿನಲ್ಲಿ ಕಾಕಾ ಮುಂದೆ, ನಾನು ಹಿಂದೆ. ಊರು ದಾಟಿದ ಮೇಲೆ ಗುಮ್ಮಟ ಹಿಂದೆ ಉಳಿದು ಸಣ್ಣದಾಗುತ್ತ ಬಂತು. ಎಷ್ಟು ದೂರ ಹೋದರೂ ಅದು ಕಾಣುತ್ತಲೇ ಇತ್ತು, ಅದು ಕಾಣುವವರೆಗೆ ಏನೂ ಆಗುವುದಿಲ್ಲ ಎಂದು ನಾನು ಅದರ ಮೇಲೆ ಕಣ್ಣಿಟ್ಟಿದ್ದೆ. ಕಾಕಾ ಕನ್ನಡಕ ತೆಗೆದು ಒರೆಸುವುದು, ಹಾಕಿಕೊಳ್ಳುವುದು, ಮತ್ತೆ ತೆಗೆಯುವುದು ಮಾಡುತ್ತಿದ್ದ. ನನ್ನನ್ನು ಕೇಳುತ್ತಾರೆ ಎಂದು ನನಗೆ ಖಾತ್ರಿಯಾಗಿತ್ತು. ಅವತ್ತು ನೀನು ಅಲ್ಲೇ ಕೂತಿದ್ದೆಯಲ್ಲ, ಗೂಡಿನಲ್ಲಿ ಏನಿತ್ತು ಎಂದು ಕೇಳುತ್ತಾರೆ. ಕಾಕಾ ಸಂಜೆ ಮನೆಗೆ ಬರುವುದು ನನ್ನ ಒಂದು ಮಾತಿನ ಮೇಲಿದೆ, ಆದರೆ ಯಾವ ಮಾತು ಅವನನ್ನು ಉಳಿಸುತ್ತದೆ, ಯಾವುದು ಮುಳುಗಿಸುತ್ತದೆ ಎಂದು ನನಗೆ ತಿಳಿಯುತ್ತಿರಲಿಲ್ಲ. ನಿಜ ಏನೆಂಬುದಂತೂ ಆಗಲೂ ಗೊತ್ತಿರಲಿಲ್ಲ.

ಅತ್ತಿಗೆ ಯಾರೂ ಮುಂಚೆ ಸುದ್ದಿ ಮುಟ್ಟಿಸಿರಲಿಲ್ಲ, ಮುಟ್ಟಿಸುವ ದಾರಿಯೂ ಇರಲಿಲ್ಲ. ಗಂಡಸರು ಹೊಲಕ್ಕೆ ಹೋಗಿದ್ದರು. ನಾವು ಅಂಗಳಕ್ಕೆ ಕಾಲಿಟ್ಟಾಗ ಒಳಗಿನಿಂದ ರೊಟ್ಟಿ ತಟ್ಟುವ ಸಪ್ಪಳ ಬರುತ್ತಿತ್ತು. ಅದು ನಿಂತಿತು. ಆಮೇಲೆ ಏನೋ ಸರಿಸಿದ ಸಪ್ಪಳ, ಡಬ್ಬಿಯೋ ಪಾತ್ರೆಯೋ ಕಲ್ಲಿಗೆ ತಾಗಿದ ಹಾಗೆ. ಆಮೇಲೆ ಮತ್ತೆ ರೊಟ್ಟಿಯ ಸಪ್ಪಳ. ಈ ನಡುವಿನ ಸಪ್ಪಳವನ್ನು ನಾನು ನಿಜವಾಗಿ ಕೇಳಿದೆನೋ ಅಥವಾ ಮುಂದೆ ನನ್ನ ಅನುಮಾನ ಅದನ್ನು ಹುಟ್ಟಿಸಿತೋ ಹೇಳಲಾರೆ.

ಸಾಹೇಬರು ಚಪ್ಪಲಿ ಬಿಟ್ಟು ಅಡಿಗೆಮನೆಯ ಹೊಸ್ತಿಲ ಆಚೆ ನಿಂತರು. ಕಾಕಾನಿಗೆ ಮಾತಾಡಬೇಡಿ ಎಂದು ಮೊದಲೇ ಹೇಳಿದ್ದರು. ನನ್ನನ್ನು ಒಳಗೆ ಹೋಗಲು ಬಿಟ್ಟರು. ಅತ್ತಿ ಸೆರಗು ಎಳೆದುಕೊಂಡು, ಪರಾತದೊಳಗಿನ ಹಿಟ್ಟಿನಿಂದ ಕೈ ತೆಗೆಯದೆ, ಒಂದು ಸಲ ತಮ್ಮನ ಮುಖ ನೋಡಿದಳು. ಒಂದೇ ಸಲ.

"ಎಣ್ಣಿ ಎಲ್ಲಿ ಇಡತೀರಿ ಅಕ್ಕಾರ?" ಎಂದರು ಸಾಹೇಬರು.

"ಒಲಿ ಬಾಜೂಕರಿ. ಗೂಡಿನ್ಯಾಗ."

ಅದೇ ಮಾತು. ಸಾಹೇಬರು ಮೆಲ್ಲಗೆ ಕಾಕಾನ ಕಡೆ ತಿರುಗಿದರು. ಎಲ್ಲ ಮುಗಿಯಿತು ಎಂದುಕೊಂಡೆ. ವಕೀಲರ ಹೆಂಡತಿ ಬಾಗಿಲಲ್ಲಿ ಕೂತಿರುವ ಹಾಗೆ ಇನ್ನು ಅವ್ವ ಕೂತಿರುತ್ತಾಳೆ, ಓಣಿಯವರು ನಮ್ಮ ಮನೆಯ ಆಚೆ ಬದಿಯಿಂದ ನಡೆಯುತ್ತಾರೆ. ಅಷ್ಟರಲ್ಲಿ ಅತ್ತಿ ನಕ್ಕಳು.

"ಒಗ್ಗರಣಿ ಎಣ್ಣಿ ಒಲಿ ಬಾಜೂಕ ಇಡಲಾರದ ದನದ ಕೊಟಗ್ಯಾಗ ಇಡ್ಲೇನ್ರಿ ಸಾಹೇಬ್ರ?"

ನಾನು ಕೇಳಿದ್ದು ಹೊಡೆಯುವ ಎಣ್ಣಿ ಎಂದರು ಸಾಹೇಬರು.

"ಹಂಗಾರ ಹೊಡಿಯೋ ಎಣ್ಣಿ ಅನ್ರಿ. ಅದು ಹೊಲದಾಗ ಇರತೈತಿ. ಆ ಮೈಸೂರು ಸರ್‌ಗೂ ಹಿಂಗ ಆತು ನೋಡ್ರಿ. ಎಣ್ಣೆ ಎಲ್ಲಿಡ್ತೀರಮ್ಮಾ ಅಂದ್ರು." ಸರ್ ಮಾತಾಡುವ ಧಾಟಿಯನ್ನು ಅವಳು ಎಷ್ಟು ಚೆನ್ನಾಗಿ ಅಣಕಿಸಿದಳೆಂದರೆ ಸಾಹೇಬರ ಜತೆ ಬಂದ ಡ್ರೈವರ್ ಅಂಗಳದಲ್ಲಿ ನಕ್ಕದ್ದು ಕೇಳಿಸಿತು. "ಅವರು ಕೇಳಿದ್ದೊಂದು, ನಾ ಹೇಳಿದ್ದೊಂದು, ಬರಕೊಂಡಿದ್ದೊಂದು. ನಮ್ಮ ತಮ್ಮ ಏನ್ ಮಾಡತಾನರಿ ಅದಕ್ಕ? ಅವ ಪಡಸಾಲ್ಯಾಗ ಕುಂತಿದ್ದ."

ಆಣೆ ಮಾಡುತ್ತೀರಾ ಎಂದು ಸಾಹೇಬರು ನಗುತ್ತಲೇ ಕೇಳಿದರು.

"ಹಿಟ್ಟಿನಾಗ ಕೈ ಐತ್ರಿ," ಎಂದಳು ಅತ್ತಿ. "ಇದಕ್ಕಿಂತ ದೊಡ್ಡ ಆಣಿ ನಮ್ಮ ಮನ್ಯಾಗ ಇಲ್ಲ."

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅನ್ನ ಮುಟ್ಟಿ, ರೊಟ್ಟಿ ಮುಟ್ಟಿ ಆಡಿದ ಮಾತನ್ನು ನಮ್ಮಲ್ಲಿ ಯಾರೂ ಎರಡನೆಯ ಸಲ ಕೇಳುವುದಿಲ್ಲ. ಬೆಳಗಾವಿಯವರಾದ ಸಾಹೇಬರಿಗೂ ಅದು ಗೊತ್ತಿತ್ತು. ಆದರೂ ಅವರು ಹೊಸ್ತಿಲು ಬಿಟ್ಟು ಕದಲಲಿಲ್ಲ. ಗೂಡಿನ ಕಡೆ ನೋಡುತ್ತ ನಿಂತರು.

ಆಗ ಅತ್ತಿ ಕೈ ತೊಳೆದುಕೊಂಡು ಗೂಡಿನಿಂದ ಒಂದು ಡಬ್ಬಿ ಇಳಿಸಿದಳು. ಅದರ ಮೇಲಿನ ಚೀಟಿ ಕಿತ್ತುಹೋಗಿ ಬರೀ ತಗಡು ಉಳಿದಿತ್ತು. ತವೆಯಿಂದ ತೆಗೆದ ರೊಟ್ಟಿಯ ಮೇಲೆ ಸೇಂಗಾ ಹಿಂಡಿ, ಅಂದರೆ ನಮ್ಮ ಕಡೆಯ ಚಟ್ನಿಪುಡಿ, ಇಟ್ಟು, ಅದರ ನಡುವೆ ಬೆರಳಿನಿಂದ ಗುಳಿ ಮಾಡಿ, ಡಬ್ಬಿಯಿಂದ ಎಣ್ಣಿ ಸುರಿದಳು. ನನಗೊಂದು, ಕಾಕಾನಿಗೊಂದು, ಸಾಹೇಬರಿಗೊಂದು. ತಿನ್ನಿರಿ ಎಂದಳು.

ಸಾಹೇಬರು ತಟ್ಟೆ ಹಿಡಿದುಕೊಂಡು ಕಾಕಾನನ್ನು ನೋಡಿದರು. ಕಾಕಾ ರೊಟ್ಟಿ ಮುರಿದ. ನಾನೂ ಮುರಿದೆ. ಅತ್ತಿ ನಮಗೆ ವಿಷ ಹಾಕುವವಳಲ್ಲ ಎಂದು ನನ್ನ ತಲೆಗೆ ಗೊತ್ತಿತ್ತು. ಆದರೆ ಬಬಲೇಶ್ವರದ ನೀರಿನ ಡಬ್ಬಿ ಕಣ್ಣ ಮುಂದೆ ನಿಂತಿತ್ತು. ಚೀಟಿ ಕಿತ್ತ ತಗಡಿನ ಡಬ್ಬಿ ಮೊದಲು ಯಾವುದರ ಡಬ್ಬಿಯಾಗಿತ್ತು ಎಂದು ಯಾರು ಬಲ್ಲರು? ಕುಸುಬಿ ಎಣ್ಣಿಯ ವಾಸನೆಯೇ ಬರುತ್ತಿತ್ತು. ಅದರ ಕೆಳಗೆ ಇನ್ನೊಂದು ವಾಸನೆ ಇತ್ತೇ? ಇತ್ತು ಎಂದು ಕೆಲವೊಮ್ಮೆ ಅನ್ನಿಸುತ್ತದೆ. ತಿನ್ನದಿದ್ದರೆ ಅತ್ತಿಯ ಮಾತು ಸುಳ್ಳು ಎಂದು ನಾನೇ ಸಾಹೇಬರಿಗೆ ಹೇಳಿದ ಹಾಗೆ. ಅಗಿಯುತ್ತ ಅತ್ತಿಯ ಮುಖ ನೋಡಿದೆ. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಇದ್ದದ್ದು ಹೆದರಿಕೆಯೋ, ನುಂಗು ಎಂಬ ಅಪ್ಪಣೆಯೋ. ನುಂಗಿದೆ.

ಸಾಹೇಬರು ಎರಡು ತುತ್ತು ತಿಂದು, ರುಚಿ ಇದೆ ಎಂದು ಹೇಳಿ, ತಟ್ಟೆ ಕೆಳಗಿಟ್ಟರು.

ಕಾಕಾನನ್ನು ಕರೆದುಕೊಂಡು ಹೋಗಲಿಲ್ಲ. ಸರ್ ಈ ಕಡೆಯ ಭಾಷೆ ತಿಳಿಯದೆ ತಪ್ಪಾಗಿ ಬರೆದಿದ್ದು, ಈ ಜಿಲ್ಲೆಯಲ್ಲಿ ಅಂಥದ್ದೇನೂ ಇಲ್ಲ ಎಂದು ಅವನಿಂದ ಬರೆಸಿಕೊಂಡರು. ಅದನ್ನೇ ಹೊರದೇಶದ ಸಂಘಕ್ಕೂ ಬರೆಯಲು ಹೇಳಿದರು, ಕಾಕಾ ಬರೆದ. ಎಷ್ಟೋ ದಿನದ ಮೇಲೆ ಅಲ್ಲಿಂದ ಉತ್ತರ ಬಂತು. ನಿಮ್ಮ ಪ್ರಾಮಾಣಿಕತೆಗೆ ಕೃತಜ್ಞರು, ಮತ್ತೆ ಖಚಿತವಾಗುವ ತನಕ ನಿಮ್ಮ ಜಿಲ್ಲೆಯ ಸಂಗತಿಗಳನ್ನೆಲ್ಲ ನಮ್ಮ ವರದಿಯಿಂದ ತೆಗೆದಿದ್ದೇವೆ ಎಂದಿತ್ತು. ಎಲ್ಲವನ್ನೂ. ಬಬಲೇಶ್ವರದ ಆ ಡಬ್ಬಿಯ ನೀರೂ ಅದರ ಜತೆಗೇ ಹೋಯಿತು.

ಚುನಾವಣೆಯಾಗಿ ಸರಕಾರ ಬದಲಾದ ಮೇಲೆ ಓಣಿಯ ವಕೀಲರು ಮನೆಗೆ ಬಂದರು, ತೀರ ಬಡಕಲಾಗಿ. ಚಾಚಾ ಮೋಟಾರುಗಳನ್ನು ಸರಿಸಿ ಕೋಣೆಯ ಬೀಗ ತೆಗೆದು ಕಾಕಾನನ್ನು ಕರೆಯಲು ಬಂದ. ಇನ್ನು ಯಾರ ಅಂಜಿಕೆಯೂ ಇಲ್ಲ, ಮತ್ತೆ ಶುರು ಮಾಡೋಣ ಎಂದ. ಪಂಪು ಸೋರುವುದೇನೂ ನಿಂತಿರಲಿಲ್ಲ, ಅಂಗಡಿಯ ಕಟ್ಟೆಯ ಮೇಲೆ ತಲೆ ಹಿಡಿದು ಕೂರುವವರು ಹೆಚ್ಚಾಗಿದ್ದರು.

"ಭಾಯಿ, ನಾವು ಬರದಿದ್ದು ಸುಳ್ಳಂತ ನಾವ ಬರಕೊಟ್ಟೀವಿ," ಎಂದ ಕಾಕಾ. "ಇನ್ನ ಖರೇ ಬರದ್ರ ಯಾರ ನಂಬತಾರ?"

ಚಾಚಾ ಎದ್ದು ಹೋದ.

ಹೊರದೇಶದ ಅಂಥ ಸಂಘಗಳ ಬಗ್ಗೆ ಮುಂದೆ ಧಾರವಾಡದಲ್ಲಿ ಎಂ.ಎ. ಓದುವಾಗ ಬಹಳ ಚರ್ಚೆ ಕೇಳಿದೆ. ಕೆಲವರು ಅವರನ್ನು ಹೊಗಳುತ್ತಿದ್ದರು, ಕೆಲವರು ಹೊರಗಿನವರಿಗೆ ಇಲ್ಲೇನು ಕೆಲಸ ಎನ್ನುತ್ತಿದ್ದರು. ನಾನು ಯಾವ ಕಡೆಯೂ ಮಾತಾಡಲಿಲ್ಲ. ಆ ಹಾಳೆಗಳು ಬರದಿದ್ದರೆ, ನಮ್ಮ ಹೆಂಗಸರ ಮಂಜಾಗುವ ಕಣ್ಣಿಗೂ ಎಲ್ಲೋ ದೂರದ ಒಂದು ಕಂಪನಿಯ ಲಾಭಕ್ಕೂ ಸಂಬಂಧವಿದೆ ಎಂದು ನನಗೆ ತಿಳಿಯುತ್ತಿರಲಿಲ್ಲ. ಅವರು ಕೇಳಿದ ಪ್ರಶ್ನೆ ಸರಿಯಾಗಿತ್ತು, ಅದನ್ನು ಈಗಲೂ ನಂಬುತ್ತೇನೆ. ಆದರೆ ಒಂದು ವಾಕ್ಯ ಅಲ್ಲಿ ಅಚ್ಚಾದರೆ ಇಲ್ಲಿ ಯಾರ ಮನೆಯ ಮುಂದೆ ಜೀಪು ನಿಲ್ಲುತ್ತದೆ ಎಂಬುದು ಅವರ ಹಾಳೆಯಲ್ಲಿ ಕಾಣುವುದಿಲ್ಲ. ಅವರನ್ನು ದೂರುತ್ತಿಲ್ಲ. ಅಷ್ಟು ದೂರದಿಂದ ಅದು ಕಾಣುವುದು ಹೇಗೆ?

ಕಾಕಾ ಅಕ್ಕನನ್ನು ಯಾವತ್ತೂ ಏನೂ ಕೇಳಲಿಲ್ಲ. ಅವಳು ತನಗೋಸ್ಕರ ಹಿಟ್ಟಿನಲ್ಲಿ ಕೈಯಿಟ್ಟು ಸುಳ್ಳಾಡಿದಳು ಎಂದು ಅವನು ನಂಬಿದ್ದನೋ, ಸರ್ ನಿಜವಾಗಿ ತಪ್ಪಾಗಿ ಕೇಳಿಸಿಕೊಂಡರು ಎಂದು ನಂಬಿದ್ದನೋ ನನಗೆ ಗೊತ್ತಿಲ್ಲ. ಎರಡರಲ್ಲಿ ಯಾವುದಾದರೂ ಒಂದು ಖಚಿತವಾದರೆ ಅವನು ತಡೆದುಕೊಳ್ಳಲಾರ ಎಂದು ಕಾಣುತ್ತದೆ.

ತಡೆದುಕೊಳ್ಳಲಾರದೆ ಕೇಳಿದವಳು ನಾನು. ಎಪ್ಪತ್ತೊಂಬತ್ತರ ರಜೆಯಲ್ಲಿರಬೇಕು, ತಿಕೋಟಾಕ್ಕೆ ಹೋಗಿದ್ದೆ. ಅತ್ತಿ ಅಂಗಳದಲ್ಲಿ ಮೊರದಿಂದ ಜೋಳ ಕೇರುತ್ತಿದ್ದಳು, ಬೇರೆ ಯಾರೂ ಇರಲಿಲ್ಲ. ಆಗ ಕೇಳಿದೆ. ಅವಳು ಕೇರುವುದನ್ನು ನಿಲ್ಲಿಸಲಿಲ್ಲ, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕೇರಿ ಮುಗಿಸಿ, ಮೊರ ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ಎಷ್ಟು ಸಲ ಆ ಮನೆಗೆ ಹೋದರೂ, ಎಷ್ಟು ಹೊತ್ತು ಅವಳ ಮಗ್ಗುಲಲ್ಲಿ ಕೂತರೂ, ಆ ಮಾತಿಗೆ ಅವಳು ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

"ಅತ್ತಿ, ಅವತ್ತ ಮೈಸೂರು ಸರ್ ಬಂದಾಗ ಗೂಡಿನ್ಯಾಗ ಇದ್ದದ್ದು ಯಾವ ಎಣ್ಣಿ ಬೇ?"